ಗೊಣಗಿದರೆ ಅರ್ಧ ಗಂಟೆ

ಜೂನ್ 3, ಸಂಜೆ

ಬಾಬಿನ್ ಡಬ್ಬಿ, ಸೂಜಿ, ಚಾಕ್, ಟೇಪು — ಎಲ್ಲ ಚೀಲಕ್ಕೆ ಹೋಯಿತು. ಕತ್ತರಿ ಮಾತ್ರ ಅತ್ತೆಯ ಸೊಂಟದ ಚೀಲದಲ್ಲಿ. ಅದನ್ನು ಯಾರ ಕೈಗೂ ಕೊಡುವವರಲ್ಲ. ನಮ್ಮ ಟೈಲರ್ ಅಂಗಡಿಯಲ್ಲೂ ಹೀಗೇ. ಬಟ್ಟೆ ಕತ್ತರಿಸುವುದು ಅವರು, ಹೊಲಿಯುವುದು ನಾನು. ಮದುವೆಯಾಗಿ ಬಂದ ಮರುವಾರದಿಂದ ಇದೇ ಏರ್ಪಾಡು.

ಈಗ ನಮ್ಮ ಚರ್ಚಿನ ಸಭೆಯವರ ಮಿಷನ್ ಟ್ರಿಪ್, ಅಂದರೆ ಸೇವೆಯ ಪ್ರವಾಸ, ಎಂದು ಇಬ್ಬರೂ ಕಂಡು ಕೇಳರಿಯದ ದೇಶಕ್ಕೆ ಬಂದಿದ್ದೇವೆ. ಮೂರು ನಗರ. ಒಂದೊಂದು ನಗರದಲ್ಲೂ ಒಂದು ಆಶ್ರಯಮನೆ, ಅಲ್ಲಿಯ ಹೆಂಗಸರಿಗೆ ಹೊಲಿಗೆ ಕಲಿಸುವುದು. ಅಷ್ಟೇ ಆಗಿದ್ದರೆ ಸುಖವಾಗಿರುತ್ತಿದ್ದೆ. ಕಲಿಸಿ ಮುಗಿದ ಮರುದಿನ ಓಟವಂತೆ.

ಓಟವೆಂದರೆ — ಮೂವರ ತಂಡ. ಕೈಗೆ ಒಂದು ಚೀಟಿ. ಏನು ಹುಡುಕಬೇಕು, ಅದರಲ್ಲಿರುತ್ತದೆ. ಯಾವ ಬೀಗಕ್ಕೂ ಆಗದ ಬೀಗದಕೈ, ಗಡಿಯಾರ ರಿಪೇರಿಯವನ ಸಹಿ, ಸೇತುವೆ ಕೆಳಗಿನ ನೀಲಿ ಬಾಗಿಲಿನ ಫೋಟೋ... ಎಲ್ಲ ಹುಡುಕಿಕೊಂಡು ಬೇಗ ವಾಪಸ್ ಬರಬೇಕು. ಫೋನುಗಳೆಲ್ಲ ಪಾಸ್ಟರ್ ವಶ. ಭಾಷೆ ಬರುವುದಿಲ್ಲ. ದಾರಿ ಗೊತ್ತಿಲ್ಲ. ಮೂರೂ ಓಟ ಸೇರಿಸಿ ಗೆದ್ದ ತಂಡಕ್ಕೆ ಒಂದು ಅಧಿಕಾರ — ನಾವು ತಂದ ಹೊಸ ಹೊಲಿಗೆ ಮೆಷಿನ್ ಯಾವ ಆಶ್ರಯಮನೆಗೆ ಸೇರಬೇಕು ಎಂದು ಅವರೇ ಹೇಳಬಹುದು.

ಅತ್ತೆ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಇಲ್ಲಿ ಒಬ್ಬ ಸಪೂರ ಹೆಂಗಸು, ಎರಡೇ ದಿನದಲ್ಲಿ ಕಾಲರ್ ಕೂರಿಸುವುದನ್ನು ಕಲಿತಳು. ಅತ್ತೆ ಅವಳ ಕೈ ಹಿಡಿದು, ಮೆಷಿನ್ ತೋರಿಸಿ, ಎದೆ ತಟ್ಟಿಕೊಂಡರು. "ಮಾತು ಕೊಟ್ಟಾಯ್ತು. ಇನ್ನು ಗೆಲ್ಲೋದೊಂದೇ ಬಾಕಿ," ಎಂದರು ನನಗೆ.

ಇನ್ನೊಂದು ನಿಯಮ. ಗೊಣಗುವಂತಿಲ್ಲ. ಕಾಲು ನೋವು, ಹಸಿವು, ಬಿಸಿಲು, ಭಯ — ಏನೇ ಬಾಯಿ ಬಿಟ್ಟು ಹೇಳಿದರೂ ತಂಡದ ಲೆಕ್ಕಕ್ಕೆ ಅರ್ಧ ಗಂಟೆ ದಂಡ. ಸಂಜೆ ಎಲ್ಲರೆದುರು ನಿಂತು ಆಯಾ ತಂಡದವರೇ ಒಪ್ಪಿಕೊಳ್ಳಬೇಕು. ಸೇವೆಗೆ ಬಂದವರ ಬಾಯಲ್ಲಿ ದೂರು ಇರಬಾರದು ಎನ್ನುವುದು ಪಾಸ್ಟರ್ ಹಳೆಯ ಪದ್ಧತಿ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಭಯ ಎಂದರೆ ದಂಡವಂತೆ! ನಾನು ಬಾಯಿ ತೆರೆಯುವುದೇ ಅದಕ್ಕೆ.

ಜೂನ್ 4, ಸಂಜೆ

ಕೊನೆಯ ಸ್ಥಾನ. ನನ್ನಿಂದಲೇ.

ನಮ್ಮ ಮೂರನೆಯವರು ಡ್ರಿಲ್ ಮೇಷ್ಟ್ರು. ರಿಟೈರಾಗಿ ವರ್ಷಗಳಾದರೂ ಕೊರಳಲ್ಲಿ ಸೀಟಿ ಹಾಗೇ ಇದೆ. ನಡೆಯುವುದೆಂದರೆ ಅವರಿಗೆ ಗೊತ್ತಿಲ್ಲ, ಓಡುವುದೊಂದೇ. ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು. ಅತ್ತೆಗೆ ಅರವತ್ತು ದಾಟಿದ್ದು ಅವರ ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೈಸನ್ನೆಯಲ್ಲಿ ಜಗಳಕ್ಕೆ ನಿಂತವರ ಹಾಗೆ ಮಾತಾಡಿ, ಕೊನೆಗೆ ಅವರ ಕೈಲೇ ದಾರಿ ತೋರಿಸಿಕೊಂಡು ಬರುತ್ತಾರೆ. ನನಗೋ ಬೀದಿ ದಾಟಲು ಜೀವ ಬಾಯಿಗೆ ಬರುತ್ತದೆ. ಒಂದು ನಾಯಿ, ಒಂದು ಕತ್ತಲೆ ಸುರಂಗದಾರಿ, ಒಂದು ಎಸ್ಕಲೇಟರ್. ಮೂರು ಸಲ "ಅಯ್ಯೋ, ಭಯ ಆಗ್ತಿದೆ" ಎಂದೆ. ಮೂರು ಅರ್ಧ ಗಂಟೆ ಹೋಯಿತು.

ಮೇಷ್ಟ್ರು ಸತ್ಯಹರಿಶ್ಚಂದ್ರನ ತುಂಡು. ಸಂಜೆ ಎದ್ದು ನಿಂತು ಮೂರನ್ನೂ ಒಪ್ಪಿಸಿದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಆಮೇಲೆ ಅತ್ತೆ ರೂಮಿನಲ್ಲಿ — "ಲೇ ಪುಕ್ಕಲಿ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೆರಡು ಓಟ ಬಾಯಿಗೆ ಹೊಲಿಗೆ ಹಾಕ್ಕೋ."

"ಆಯ್ತು ಅತ್ತೆ."

"ಹಾಗಲ್ಲ. ಆಣೆ ಇಡು."

ಇಟ್ಟೆ. ಏನು ಮಾಡಲಿ.

ಪಾಸ್ಟರ್ ಹತ್ತಿರ ಹೋಗಿ ಕೇಳಿದೆ, "ಬರೆದುಕೊಂಡ್ರೆ ದಂಡ ಇದೆಯಾ?" ನಕ್ಕರು. "ಯಾರೂ ಓದದಿದ್ರೆ ಇಲ್ಲಮ್ಮ." ಹಾಗಾಗಿ ಇನ್ನು ನನ್ನ ಭಯಕ್ಕೆಲ್ಲ ಈ ಪುಸ್ತಕವೇ ಗತಿ.

ಬರೆದೇ ಬಿಡುತ್ತೇನೆ. ಇವತ್ತು ಸೇತುವೆ ಮೇಲೆ ಅತ್ತೆ ಕಂಬಿ ಹಿಡಿದು ನಿಂತರು. ಹಣೆ ಮೇಲೆ ಬೆವರು. ಗಾಳಿ ತಣ್ಣಗೆ ಬೀಸುತ್ತಿತ್ತು, ನನಗೆ ಚಳಿಯಾಗುತ್ತಿತ್ತು. ಏನಾಯಿತು ಎಂದೆ. "ಗ್ಯಾಸು" ಎಂದರು. ಮತ್ತೆ ಓಡಿದರು.

ಜೂನ್ 6

ಎರಡನೆಯ ನಗರ. ಮಹಡಿ ಮೇಲೆ ಉದ್ದನೆಯ ಹಾಲ್, ಕಿಟಕಿ ಪಕ್ಕ ಆರು ಮೆಷಿನ್. ಕೆಳಗೆ ಟೈರ್ ಅಂಗಡಿ, ರಬ್ಬರ್ ವಾಸನೆ ಮೇಲೆವರೆಗೂ ಬರುತ್ತದೆ.

ಇವತ್ತು ಹೆದರಿದ್ದು ನಾಯಿಗಲ್ಲ, ಎಸ್ಕಲೇಟರಿಗಲ್ಲ.

ಅತ್ತೆ ಮೇಜಿನ ಮೇಲೆ ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿ ನಡೆಸುತ್ತಿದ್ದರು. ಸುತ್ತ ಹೆಂಗಸರು. ಅವರ ಕತ್ತರಿ ಒಂದು ಅಂಚಿಂದ ಇನ್ನೊಂದು ಅಂಚಿಗೆ ನಿಲ್ಲದೆ ಹೋಗುತ್ತದೆ. ಅಂಗಡಿಯಲ್ಲಿ ಆ ಸದ್ದು ಕೇಳಿಕೊಂಡೇ ನಾನು ಮೆಷಿನ್ ತುಳಿಯುವುದು. ಇವತ್ತು ನಡುವೆ ನಿಂತಿತು. ತಲೆ ಎತ್ತಿ ನೋಡಿದೆ. ಕತ್ತರಿ ಬಟ್ಟೆಯ ಬಾಯಲ್ಲೇ ಇದೆ, ಅತ್ತೆ ಎಡಗೈಯಿಂದ ದವಡೆ ಒತ್ತಿಕೊಂಡಿದ್ದಾರೆ. ಸ್ವಲ್ಪ ಹೊತ್ತು ಹಾಗೇ. ಆಮೇಲೆ ಮುಂದುವರಿಸಿದರು. ಗೆರೆ ವಕ್ರ ಹೋಯಿತು. ಚಾಕ್ ಗುರುತು ಒಂದು ಕಡೆ, ಕತ್ತರಿ ಒಂದು ಕಡೆ.

"ಹಲ್ಲು ನೋವು," ಎಂದರು ನನ್ನ ಮುಖ ನೋಡಿ. ಆ ಕಡೆ ಅವರಿಗೆ ಹಲ್ಲೇ ಇಲ್ಲ. ಹೋದ ವರ್ಷ ನಾನೇ ಕರೆದುಕೊಂಡು ಹೋಗಿ ಕೀಳಿಸಿದ್ದೆ.

"ಅತ್ತೆ, ಒಂದು ಸಲ ಡಾಕ್ಟರಿಗೆ..."

"ಶುರು ಮಾಡಿದ್ಯಾ? ಹುಲಿ ಬಂತು ಹುಲಿ?"

ಅಷ್ಟೇ. ಬಾಯಿ ಮುಚ್ಚಿದೆ. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ನಾನು ಹಗ್ಗ ಕಂಡರೂ ಹಾವು ಎನ್ನುವವಳು. ಗಂಡ ಹತ್ತು ನಿಮಿಷ ತಡವಾಗಿ ಬಂದರೆ ಆಸ್ಪತ್ರೆಗೆಲ್ಲ ಫೋನ್ ಮಾಡುವವಳು. ಎಲ್ಲದಕ್ಕೂ ಹೆದರುವವಳಿಗೆ ನಿಜವಾದ ಭಯ ಯಾವುದು ಎಂದು ಹೇಗೆ ಗೊತ್ತಾಗಬೇಕು? ಎಲ್ಲವೂ ಒಂದೇ ತರ ಅನ್ನಿಸುತ್ತದೆ. ಎದೆ ಒಂದೇ ತರ ಹೊಡೆದುಕೊಳ್ಳುತ್ತದೆ.

ಆದರೆ ಅತ್ತೆಯ ಕತ್ತರಿ ಹಾಗೆ ನಿಂತಿದ್ದನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಜೂನ್ 8, ಸಂಜೆ

ಮೊದಲ ಸ್ಥಾನ! ಮೇಷ್ಟ್ರು ಪಾಸ್ಟರನ್ನು ಎತ್ತಿಕೊಂಡು ಕುಣಿದರು. ಈಗ ಒಟ್ಟು ಲೆಕ್ಕದಲ್ಲಿ ನಾವು ಎರಡನೆಯವರು, ಮೊದಲ ತಂಡಕ್ಕಿಂತ ಸ್ವಲ್ಪವೇ ಹಿಂದೆ.

ನಾನು ಇಡೀ ದಿನ ಬಾಯಿ ತೆರೆಯಲಿಲ್ಲ. ಟ್ರಾಮ್ ಹೊರಟಮೇಲೆ ಮೇಷ್ಟ್ರು ಕೆಳಗಿಂದ ಓಡಿ ಬಂದು ಹತ್ತಿದಾಗಲೂ ಇಲ್ಲ. ಹೆಸರು ಗೊತ್ತಿಲ್ಲದ ಸಂತೆಯಲ್ಲಿ ಇಬ್ಬರನ್ನೂ ಕಳೆದುಕೊಂಡು, ಮೀನಿನ ಬುಟ್ಟಿಗಳ ಮಧ್ಯೆ ಒಬ್ಬಳೇ ನಿಂತಾಗಲೂ ಇಲ್ಲ. ಸೀಟಿ ಕೇಳಿದ ಕಡೆ ಹೋದೆ, ಸಿಕ್ಕರು. ಅತ್ತೆ ಬೆನ್ನು ತಟ್ಟಿ "ಸೊಸೆ ಅಂದ್ರೆ ಇದು" ಎಂದರು. ಎಷ್ಟು ವರ್ಷಕ್ಕೆ ಕೇಳಿದ ಮಾತು! ಕಣ್ಣಲ್ಲಿ ನೀರು ಬಂತು.

ಆ ಖುಷಿಯಲ್ಲೇ ಇರಬೇಕು, ಆದರೆ ಇರಲಾಗುತ್ತಿಲ್ಲ. ಮಧ್ಯಾಹ್ನ ಏರು ಬೀದಿಯಲ್ಲಿ ಅತ್ತೆ ಸೊಂಟದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕತ್ತರಿಯ ಚೀಲ. "ಸ್ವಲ್ಪ ಹಿಡ್ಕೋ, ಭಾರ ಆಗ್ತಿದೆ."

ಈಗಲೂ ನನ್ನ ದಿಂಬಿನ ಪಕ್ಕದಲ್ಲೇ ಇದೆ. ವಾಪಸ್ ಕೇಳಲೇ ಇಲ್ಲ.

ಮೇಷ್ಟ್ರಿಗೆ ಹೇಳಲೇ? ಹೇಳಿದರೆ ಸಂಜೆ ಎದ್ದು ನಿಂತು ಒಪ್ಪಿಸುತ್ತಾರೆ. ಅರ್ಧ ಗಂಟೆ ಹೋದರೆ ಮೆಷಿನ್ ಹೋಯಿತು. ಅತ್ತೆ ಜನ್ಮದಲ್ಲಿ ನನ್ನನ್ನು ಮಾತಾಡಿಸುವುದಿಲ್ಲ. ಮೇಲಾಗಿ ಆಣೆ ಬೇರೆ ಇಟ್ಟಿದ್ದೇನೆ. ಇನ್ನು ಒಂದೇ ಒಂದು ಓಟ. ಮುಗಿದ ತಕ್ಷಣ ಕಿವಿ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೇನೆ.

ಜೂನ್ 9

ಬಸ್ಸಿನಲ್ಲಿ. ಅತ್ತೆ ಕಿಟಕಿಗೆ ಒರಗಿ ನಿದ್ದೆ. ಹಗಲಲ್ಲಿ ನಿದ್ದೆ ಮಾಡುವವರೇ ಅಲ್ಲ. ನೋಡಿಕೊಂಡೇ ಕೂತಿದ್ದೇನೆ, ಉಸಿರು ಬರುತ್ತಿದೆಯಾ ಎಂದು. ಬರುತ್ತಿದೆ. ಒಮ್ಮೆ ಮೂಗಿನ ಹತ್ತಿರ ಬೆರಳು ಹಿಡಿದೆ. ಕಣ್ಣು ಬಿಟ್ಟು, "ಏನೇ, ಸತ್ತೆ ಅಂದ್ಕೊಂಡ್ಯಾ?" ಎಂದು ಕೆಣಕಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಜೂನ್ 11, ಬೆಳಗ್ಗೆ

ಇನ್ನೇನು ಹೊರಡಬೇಕು. ಅತ್ತೆ ತಲೆ ಬಾಚಿಕೊಳ್ಳುತ್ತಿದ್ದಾರೆ. ಕೈ ಮೇಲೆತ್ತಿ, ಇಳಿಸಿ, ಮತ್ತೆ ಎತ್ತಿ. ಜಡೆ ಪೂರ್ತಿಯಾಗಲಿಲ್ಲ. ನಾನೇ ಹಾಕಿದೆ. ಕತ್ತು ತಣ್ಣಗಿತ್ತು, ಒದ್ದೆಯಿತ್ತು.

"ಅತ್ತೆ, ಇವತ್ತು ನೀವು ಇಲ್ಲೇ ಇರಿ. ಮೇಷ್ಟ್ರೂ ನಾನೂ ಹೋಗಿ ಬರ್ತೀವಿ."

"ಮೂವರೂ ಇರ್ಲೇಬೇಕು. ಇಲ್ಲಾಂದ್ರೆ ತಂಡ ಔಟ್."

"ಮೆಷಿನ್ ಹಾಳಾಗಿ ಹೋಗ್ಲಿ."

"ನೋಡು. ಇದು ಗೊಣಗಾಟ. ಓಟ ಶುರುವಾಗಿಲ್ಲ, ಅದಕ್ಕೆ ಬಿಟ್ಟೆ." ನಗುತ್ತಲೇ ಎದ್ದರು, ಮಂಚದ ಅಂಚು ಹಿಡಿದು.

ಮೇಷ್ಟ್ರು ಕೆಳಗೆ ಸೀಟಿ ಊದುತ್ತಿದ್ದಾರೆ. ದೇವರೇ, ಈ ಭಯವೂ ನನ್ನ ಎಂದಿನ ಪುಕ್ಕಲುತನವೇ ಆಗಿರಲಿ.

ಜೂನ್ 13

ಎರಡು ದಿನ ಪೆನ್ನು ಮುಟ್ಟಿರಲಿಲ್ಲ.

ಆಸ್ಪತ್ರೆ. ನಾಲ್ಕನೇ ಮಹಡಿ. ಹಸಿರು ಗೋಡೆ, ಉಕ್ಕಿನ ಕುರ್ಚಿಗಳು. ಅತ್ತೆ ಒಳಗೆ ಐಸಿಯುನಲ್ಲಿ ಇದ್ದಾರೆ. ಜೀವ ಇದೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಜೀವ ಇದೆ.

ಆವತ್ತು ಎಲ್ಲ ಸಿಕ್ಕಿತ್ತು, ಕೊನೆಯದೊಂದು ಬಿಟ್ಟು. ಅದು ನೆಲದಡಿಯ ರೈಲು ಸ್ಟೇಷನ್ನಿನ ಹೊರಗೆ, ಮೇಲೆ. ರೈಲಿಳಿದು ನೋಡಿದರೆ ಎಸ್ಕಲೇಟರ್. ಎಂಥ ಉದ್ದ, ತುದಿಯೇ ಕಾಣದು. ಮೇಷ್ಟ್ರು ಹಾರಿ ಹತ್ತಿದರು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಏನೂ ಹೇಳಲಿಲ್ಲ ನಾನು, ಆಣೆಗೂ, ಒಂದು ಮಾತೂ ಆಡಲಿಲ್ಲ. ಆದರೆ ಅತ್ತೆಗೆ ನನ್ನ ಮುಖ ಸಾಕು.

"ನಡಿ, ಮೆಟ್ಟಿಲಲ್ಲಿ ಹೋಗೋಣ. ನಾನೂ ಬರ್ತೀನಿ," ಎಂದರು.

ನನ್ನ ಜೊತೆ ಬಂದರು. ನನಗೋಸ್ಕರ. ಅವರೊಬ್ಬರೇ ಆಗಿದ್ದರೆ ಎಸ್ಕಲೇಟರ್ ಮೇಲೆ ರಾಣಿ ತರ ನಿಂತು ಹೋಗುತ್ತಿದ್ದರು.

ಅರ್ಧ ಹತ್ತಿ ಕೂತುಬಿಟ್ಟರು. ಕಂಬಿ ಹಿಡಿದು, ನಿಧಾನಕ್ಕೆ, ಬಟ್ಟೆ ಮಡಿಸಿಟ್ಟ ಹಾಗೆ. ಮುಖ ಬೂದಿಯ ಬಣ್ಣ. ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ಬಗ್ಗಿ ಕಿವಿ ಕೊಟ್ಟೆ. "ನೀನು ಹೋಗು. ಮೇಷ್ಟ್ರ ಜೊತೆ ಮುಗಿಸು. ನಾನು ಹಿಂದೆ ಬರ್ತೀನಿ." ಎದೆ ಮೇಲೆ ಮುಷ್ಟಿ ಒತ್ತಿಕೊಂಡಿದ್ದರು. ಆ ಸ್ಥಿತಿಯಲ್ಲೂ ಓಟದ ಚಿಂತೆ.

ಆಗ ಕಿರುಚಿದೆ. ಜನ ನಿಂತು ನೋಡಿದರು. "ಮೇಷ್ಟ್ರೇ! ನಂಗೆ ಭಯ ಆಗ್ತಿದೆ! ಭಯ ಆಗ್ತಿದೆ! ಎಷ್ಟು ಅರ್ಧ ಗಂಟೆ ಬೇಕಾದ್ರೂ ಹಾಕ್ಕೊಳ್ಳಿ, ಬನ್ನಿ ಇಲ್ಲಿ!"

ಬಂದರು. ಅತ್ತೆಯನ್ನು ನೋಡಿದವರೇ ಪಕ್ಕದಲ್ಲಿ ಕುಸಿದು ಕೂತರು. ಅಷ್ಟು ದೊಡ್ಡ ಆಳು, ಸೀಟಿ ಊದಲೂ ಉಸಿರಿಲ್ಲ. ಅವರ ತೊಡೆ ಮೇಲೆ ಅತ್ತೆಯ ತಲೆ ಇಟ್ಟು ನಾನು ಓಡಿದೆ. ಮೇಲೆ ಟಿಕೆಟ್ ಕಿಟಕಿಯ ಹೆಂಗಸಿಗೆ ಎದೆ ಬಡಿದುಕೊಂಡು ತೋರಿಸಿದೆ. ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು, ಪುಣ್ಯಾತ್ಗಿತ್ತಿ. ಆಂಬುಲೆನ್ಸ್ ಬರುವವರೆಗೂ ನನ್ನ ತೋಳು ಬಿಡಲಿಲ್ಲ. ನಾನು ಮೇಲೆ ಹೋದದ್ದು ಎಸ್ಕಲೇಟರಿನಲ್ಲಂತೆ, ಓಡಿಕೊಂಡು. ಮೇಷ್ಟ್ರು ಹೇಳಿದ್ದು. ನನಗೆ ನೆನಪಿಲ್ಲ.

ಇಲ್ಲಿ ಡಾಕ್ಟರ್ ಒಬ್ಬರು, ಸಣ್ಣ ವಯಸ್ಸಿನ ಹೆಣ್ಣು. ಆವತ್ತೇ ತಮ್ಮ ಫೋನಿನಲ್ಲಿ ಮಾತಾಡಿ, ಅದು ನಮ್ಮ ಭಾಷೆಯಲ್ಲಿ ಹೇಳುವುದನ್ನು ಕೇಳಿಸಿದರು. ನೋವು ಯಾವಾಗಿಂದ?

ಅತ್ತೆ ಮೂಗಿಗೆ ನಳಿಗೆ ಇದ್ದ ಹಾಗೇ, "ಇವತ್ತಿಂದ."

ನಾನು, "ಸುಳ್ಳು. ಒಂದು ವಾರ ಆಯ್ತು."

ಹೇಳಿಬಿಟ್ಟೆ, ಸೇತುವೆಯಿಂದ ಹಿಡಿದು ಜಡೆವರೆಗೂ. ಡಾಕ್ಟರ್ ಮುಖ ಬದಲಾಯಿತು. ಆಮೇಲೆ ನನ್ನನ್ನು ನೋಡಿ ಒಂದು ಮಾತು ಕೇಳಿದರು. ಫೋನ್ ಅದನ್ನು ಹೇಳಿತು, ಯಾವ ಕೋಪವೂ ಇಲ್ಲದ ದನಿಯಲ್ಲಿ — "ನಿಮಗೆ ಗೊತ್ತಿದ್ದರೆ ಮೊದಲೇ ಏಕೆ ಹೇಳಲಿಲ್ಲ?"

ಓಟ ಇತ್ತು ಎನ್ನಲೇ? ಅರ್ಧ ಗಂಟೆ ದಂಡವಿತ್ತು ಎನ್ನಲೇ? ಯಾವ ಭಾಷೆಯಲ್ಲಿ ಹೇಳಿದರೂ ನಾಚಿಕೆಗೇಡು.

ಅತ್ತೆ ಮುಖ ಆ ಕಡೆ ತಿರುಗಿಸಿ, "ಚಾಡಿಕೋರಿ" ಎಂದರು.

ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆಯಂತೆ. ಔಷಧಿಯಲ್ಲಿ ತಡೆದು ನಿಲ್ಲಿಸಿದ್ದಾರೆ. ನಾಳೆ ಬೆಳಗ್ಗೆ ಎದೆ ತೆರೆದು ಆಪರೇಷನ್. ಅವರು ಗಟ್ಟಿ, ಆದರೆ ತಡವಾಗಿ ಬಂದಿದ್ದಾರೆ ಎಂದರು ಡಾಕ್ಟರ್. ಅದನ್ನು ಎರಡು ಸಲ ಹೇಳಿದರು.

ಜೂನ್ 13, ಸಂಜೆ

ಪಾಸ್ಟರ್ ಬಂದಿದ್ದರು. ಎರಡು ದಿನದಿಂದ ಬಂದು ಹೋಗುತ್ತಿದ್ದಾರೆ. ಇವತ್ತು ಫೋನುಗಳ ಚೀಲ ತಂದು ನನ್ನ ಫೋನ್ ಹುಡುಕಿಕೊಟ್ಟು, "ಮೆಷಿನ್ ಅಮ್ಮಾವ್ರು ಹೇಳಿದ ಕಡೆಗೇ ಹೋಗುತ್ತೆ. ಎಲ್ಲರೂ ಒಪ್ಪಿದ್ದಾರೆ," ಎಂದರು.

ಅದುವರೆಗೂ ಸುಮ್ಮನಿದ್ದವಳಿಗೆ ಎಲ್ಲಿತ್ತೋ ಕೋಪ.

"ನೋವು ಅಂದ್ರೆ ದಂಡ ಹಾಕ್ತೀರಲ್ಲ, ಪಾಸ್ಟರ್ ಅಂದ್ರೆ ಕುರಿ ಕಾಯೋರು ಅಂತೀರಿ, ನೀವೆಂಥ ಕುರುಬರು? ಕುರಿ ಅರಚಿದ್ರೆ ತಾನೇ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗೋದು?"

ಅಲ್ಲೇ ಉಕ್ಕಿನ ಕುರ್ಚಿಯಲ್ಲಿ ಕೂತು ಅತ್ತರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಇನ್ನೂ ನಾಲ್ಕು ಅನ್ನಬಹುದಿತ್ತು. ಆ ನಿಯಮಕ್ಕೆ ಚಪ್ಪಾಳೆ ಹೊಡೆದವರಲ್ಲಿ ನಾವೂ ಇದ್ದೆವು. ಅತ್ತೆಯಂತೂ ಎಲ್ಲರಿಗಿಂತ ಜೋರಾಗಿ ಹೊಡೆದಿದ್ದರು.

ಊರಲ್ಲಿರುವ ನನ್ನ ಗಂಡನಿಗೆ ಮೊನ್ನೆಯೇ ಪಾಸ್ಟರ್ ಹೇಳಬೇಕೆಂದಿದ್ದರು. ನಾನು ಬೇಡವೆಂದು ತಡೆದಿದ್ದೆ, ನಾನೇ ಹೇಳುತ್ತೇನೆ ಎಂದು. ಹೇಳದೆ ಎರಡು ದಿನ ಕಳೆದೆ. ನಾಳೆ ಆಪರೇಷನ್ ಎಂದಮೇಲೆ ಇನ್ನೆಲ್ಲಿಯ ತಪ್ಪಿಸಿಕೊಳ್ಳುವುದು. ಫೋನ್ ಮಾಡಿದೆ. ಎತ್ತಿದವರೇ, "ಏನೇ, ಎಲ್ಲಿ ಹಾಳಾಗಿ ಹೋಗಿದ್ರಿ? ಅಮ್ಮ ಗೆದ್ರಾ?"

ನನಗೆ ಅಳು ಬಂತು. ಹೇಳಿದೆ. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. "ನೀನು ಅವರ ಹತ್ರಾನೇ ಇರು," ಎಂದರು, ದನಿ ಒಡೆದುಹೋಗಿತ್ತು. ಹೊರಟಿದ್ದಾರೆ. ಆದರೆ ಎಷ್ಟೇ ಬೇಗ ಬಂದರೂ ಆಪರೇಷನ್ ಮುಗಿದಿರುತ್ತದೆ. ಏನೇ ಆದರೂ ಮೊದಲು ಕೇಳಬೇಕಾದವಳು ನಾನು. ಆಮೇಲೆ ಅವರಿಗೆ ಹೇಳಬೇಕಾದವಳೂ ನಾನೇ.

ಜೂನ್ 14, ಬೆಳಗ್ಗೆ

ಒಳಗೆ ಬಿಟ್ಟಿದ್ದಾರೆ, ಕರೆದುಕೊಂಡು ಹೋಗುವವರೆಗೆ. ಅತ್ತೆ ಹಸಿರು ಗೌನಿನಲ್ಲಿ. ಎಷ್ಟು ಸಣ್ಣಗೆ ಕಾಣುತ್ತಾರೆ! ಗೌನಿನ ಹೊಲಿಗೆ ಮುಟ್ಟಿ ನೋಡಿ, "ಥೂ, ಏನು ಕಟಿಂಗೋ ಏನೋ," ಎಂದರು. ನನ್ನ ಮೇಲಿನ ಕೋಪ ಇಳಿದಿದೆ ಎಂದು ಅದರಿಂದ ಗೊತ್ತಾಯಿತು.

ಮೆಷಿನ್ ವಿಷಯ ಹೇಳಿದೆ. "ಗೆಲ್ಲದೆ ಸಿಕ್ಕಿದ್ದು," ಎಂದು ಮೂತಿ ತಿರುಗಿಸಿದರು. ಆಮೇಲೆ, "ಆದ್ರೂ ಅವಳಿಗೆ ಸಿಕ್ತಲ್ಲ. ಬಿಡು."

ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯದಿದ್ದರೆ ಇಲ್ಲೇ ಕಿರುಚಿಬಿಡುತ್ತೇನೆ. ಅವರು ಛಾವಣಿ ನೋಡುತ್ತಾ ಮಲಗಿದ್ದಾರೆ. ಬಾಗಿಲ ಹತ್ತಿರ ಯಾರಾದರೂ ಓಡಾಡಿದರೆ ಸಾಕು, ಕಣ್ಣು ಆ ಕಡೆ ಹೋಗುತ್ತದೆ.

ಈಗ ಒಂದು ಮಾತು ಹೇಳಿದರು. ಕೇಳಿದ್ದು ನಿಜವೇ ಎಂದು ಎರಡು ಸಲ ಕೇಳಿದೆ.

"ನಂಗೆ ಭಯ ಆಗ್ತಿದೆ ಕಣೇ."

ನಮ್ಮ ಅತ್ತೆ! ಕತ್ತರಿ ಹಿಡಿದು ಕಳ್ಳನನ್ನು ಬೀದಿ ತುದಿವರೆಗೂ ಅಟ್ಟಿಸಿಕೊಂಡು ಹೋದವರು. ಏನೂ ಆಗಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೀನು ದಿನಾ ಹೆದರ್ತೀಯಲ್ಲ. ಹೇಗೆ ತಡ್ಕೋತೀಯ? ನಾನು ಸುಮ್ನೆ ನಗಾಡ್ತಿದ್ದೆ. ಇದು ಹೀಗಿರುತ್ತೆ ಅಂತ ಗೊತ್ತಿರ್ಲಿಲ್ಲ."

"ಬರೀತೀನಿ ಅತ್ತೆ."

"ನನ್ನ ಕೈಲಿ ಅದಾಗಲ್ಲ. ಬೇರೆ ಹೇಳು."

"ನಿಮ್ಮ ಸೆರಗು ಹಿಡ್ಕೊಂಡು ಹಿಂದೆ ಬರ್ತಿದ್ದೆ. ಅಷ್ಟೇ."

ಕಣ್ಣಂಚಿಂದ ನೀರು ಕಿವಿಗೆ ಇಳಿಯಿತು. ಒರೆಸಿದೆ. ಆಮೇಲೆ ಸೂಜಿ ಚುಚ್ಚಿದ ಕೈಯನ್ನೇ ಹೊದಿಕೆಯಿಂದ ಹೊರಗೆ ತೆಗೆದು ಚಾಚಿದರು. ನನ್ನ ಎಡಗೈ ಕೊಟ್ಟೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ.

ಗಾಲಿಗಳ ಸದ್ದು. ಬಾಗಿಲ ಹತ್ತಿರವೇ ಬಂತು. ಇಬ್ಬರು ಬಂದಿದ್ದಾರೆ, ಹಸಿರು ಟೋಪಿಯವರು.

ಒಂದು ಕೈ ಸಾಲದಂತೆ. ಎರಡೂ ಬೇಕಂತೆ. "ಬರೆದಿದ್ದು ಸಾಕು, ಆ ಕೈನೂ ಕೊಡು" ಎನ್ನುತ್ತಿದ್ದಾರೆ. ಇದೊಂದು ಸಾಲು ಮುಗಿಸುತ್ತೇನೆ ಅಂದರೆ ಕೇಳುತ್ತಿಲ್ಲ, ಪೆನ್ನು ಹಿಡಿದ ಬೆರಳನ್ನೇ